ಗುಡ್ಡದ ಹಾದಿಯೂ ಬೈಸಿಕಲ್ಲೂ

ಸ್ಕಾಟ್ಲೆಂಡ್ ದೇಶದ ಉತ್ತರದ ಗುಡ್ಡಗಾಡಿನಲ್ಲಿ ಅಫ್ರಿಕ್ ಎಂಬ ಕಣಿವೆಯೊಂದುಂಟು. ನೆಸ್ ಸರೋವರದ ದಡದಲ್ಲಿರುವ ಡ್ರಮ್‌ನಡ್ರಾಕಿಟ್ ಎಂಬ ಊರಿನಿಂದ ಪಶ್ಚಿಮಕ್ಕೆ ಹೊರಟು, ಕ್ಯಾನಿಕ್ ಎಂಬ ಹಳ್ಳಿಯನ್ನು ಹಾದು, ಬೆನವೀನ್ ಮತ್ತು ಅಫ್ರಿಕ್ ಎಂಬ ಎರಡು ಸರೋವರಗಳ ಮಗ್ಗುಲಿನಲ್ಲಿ ಸಾಗಿ, ನೀರು ಇಬ್ಭಾಗವಾಗುವ ದಿಣ್ಣೆಯನ್ನು ದಾಟಿ, ಕಿಂಟೇಲ್ ಸೀಮೆಯ ಮಾರ್ವಿಕ್ ಎಂಬಲ್ಲಿ ಸಮುದ್ರದ ಒಳಚಾಚಿನ ತಲೆಗೆ ಇಳಿಯುವ ಹಾದಿಯ ಉದ್ದವು ಸುಮಾರು 44 ಮೈಲಿ. 2015ರಿಂದ ಇದಕ್ಕೆ ಅಫ್ರಿಕ್-ಕಿಂಟೇಲ್ ಮಾರ್ಗವೆಂಬ ನಾಮಕರಣವಾಗಿದೆ. ಕಾಲ್ನಡಿಗೆಯವರು ಮಾತ್ರವಲ್ಲದೆ ದಪ್ಪ ಟೈರಿನ ಗುಡ್ಡದ ಬೈಸಿಕಲ್ಲುಗಳನ್ನೇರಿದವರೂ ಈ ಹಾದಿಯಲ್ಲಿ ಹೋಗುವರು. ಅವರನ್ನು ತಡೆಯುವ ಅಧಿಕಾರವು ಆ ನೆಲದ ಒಡೆಯನಿಗಿಲ್ಲ. ಈ ಕೊನೆಯ ಮಾತೇ ನಮ್ಮ ಇಂದಿನ ಲೇಖನಕ್ಕೆ ಕಾರಣ.

ಪರದೇಶದ ಗುಡ್ಡದ ಹಾದಿಗೂ ಕನ್ನಡ ಪತ್ರಿಕೆಯ ಅಗ್ರಲೇಖನಕ್ಕೂ ಏನು ನಂಟೆಂದು ವಾಚಕ ಮಹಾಶಯರು ಕೇಳಬಹುದು. ಎಡಿನ್‌ಬರೋ, ಗ್ಲಾಸ್ಗೋ ಮೊದಲಾದ ನಗರಗಳಲ್ಲಿ ಉದ್ಯೋಗಕ್ಕಾಗಿಯೂ ವಿದ್ಯೆಗಾಗಿಯೂ ಈಗ ಕನ್ನಡಿಗರು ನೆಲಸಿರುವರು. ರಜೆ ಬಂದಾಗ ಗುಡ್ಡಗಾಡಿನ ಕಡೆಗೆ ಹೊರಡುವವರೂ ಅವರಲ್ಲುಂಟು. ಹೋಗುವವರು ತಾವು ತುಳಿಯುವ ನೆಲದ ಚರಿತ್ರೆಯನ್ನರಿತು ಹೋಗಲಿ ಎಂಬುದು ಒಂದು ಕಾರಣ. ಮತ್ತೊಂದು ಇದಕ್ಕಿಂತ ದೊಡ್ಡದು. ಒಂದು ಜನಾಂಗವು ತನ್ನ ಶಾಸನಸಭೆಯನ್ನು ಮರಳಿ ಪಡೆದೊಡನೆ ಮಾಡಿದ ಮುಖ್ಯ ಕಾರ್ಯಗಳಲ್ಲಿ ಗುಡ್ಡದ ಹಾದಿಯನ್ನು ಸರ್ವರಿಗೂ ತೆರೆದುದೂ ಒಂದೆಂಬುದು ರಾಜಕೀಯದಲ್ಲಿ ಆಸಕ್ತಿಯುಳ್ಳ ಯಾರಿಗಾದರೂ ವಿಚಾರಾರ್ಹವಾದ ಸಂಗತಿ. ಹಾಗೆಯೇ ಆ ಕಾರ್ಯದಲ್ಲಿ ಉಳಿದುಹೋದ ಕೊರತೆಯೂ ವಿಚಾರಾರ್ಹವೇ.

ಮೊದಲು ಹಾದಿಯ ಮಾತು. ಈ ಸೀಮೆಯ ಬೆಟ್ಟಗಳು ಎತ್ತರದಲ್ಲಿ ನಮ್ಮ ಸಹ್ಯಾದ್ರಿಗಿಂತ ಮಿಗಿಲಾದುವಲ್ಲ. ಇಡೀ ಬ್ರಿಟನ್ನಿಗೆ ಎತ್ತರವೆನಿಸಿದ ಬೆನ್ ನೆವಿಸ್ ಶಿಖರವು 1,345 ಮೀಟರು. ನಮ್ಮ ಮುಳ್ಳಯ್ಯನಗಿರಿಯು ಅದಕ್ಕಿಂತ ಐನೂರು ಮೀಟರಿಗೂ ಹೆಚ್ಚು ಎತ್ತರವಾಗಿರುವುದು. ಆದರೆ ಎತ್ತರವನ್ನು ಕಂಡು ಹಗುರಾಗಿ ಎಣಿಸಿದವನು ಕೆಡುವನು. ಉತ್ತರಧ್ರುವದ ಕಡೆಗೆ ಅಷ್ಟು ಸರಿದ ಆ ದೇಶದಲ್ಲಿ ಬೇಸಗೆಯ ಮಧ್ಯಾಹ್ನವೂ ಒಂದು ಗಳಿಗೆಯಲ್ಲಿ ಮಂಜಾಗಿ, ಮಳೆಯಾಗಿ, ಮೈ ಮರಗಟ್ಟಿಸುವ ಗಾಳಿಯಾಗಿ ಮಾರ್ಪಡುವುದುಂಟು. ಕ್ಯಾನಿಕ್‌ನಿಂದ ಅಫ್ರಿಕ್ ಸರೋವರದ ಪಶ್ಚಿಮದ ತುದಿಯವರೆಗೂ ಅಗಲವಾದ ಗಟ್ಟಿ ಹಾದಿಯಿದೆ. ಎಡಬಲಗಳಲ್ಲಿ ಪುರಾತನವಾದ ಪೈನ್ ಮರಗಳು, ಮುರುಟಿದ ಬರ್ಚ್ ಮರಗಳು, ಅವುಗಳ ಸಂದಿನಲ್ಲಿ ಕಪ್ಪಗೆ ನಿಂತ ನೀರು. ಉತ್ತರದಲ್ಲಿ 1,183 ಮೀಟರು ಎತ್ತರದ ಕಾರ್ನ್ ಏ ಶಿಖರ. ಸಾಧಾರಣ ಅಭ್ಯಾಸವುಳ್ಳವನು ಇಲ್ಲಿಯವರೆಗೆ ಆಯಾಸವಿಲ್ಲದೆ ಹೋಗುವನು. ಮುಂದೆ ಆಲ್ಟ್‌ಬೇ ಎಂಬಲ್ಲಿ ಯುವಕರ ತಂಗುಮನೆಯೊಂದಿದೆ. ಅದಕ್ಕೆ ಮೋಟಾರು ರಸ್ತೆಯಿಲ್ಲ. ಅಲ್ಲಿಂದ ಹಾದಿಯು ಕಿರಿದಾಗಿ, ಜೌಗಿನಲ್ಲಿಯೂ ಕಲ್ಲಿನಲ್ಲಿಯೂ ಹೊರಳಿ, ಕ್ಯಾಂಬನ್ ಎಂಬ ಕಲ್ಲುಮನೆಯನ್ನು ದಾಟಿದ ಮೇಲೆ ಲಿಕ್ಟ್ ಕಣಿವೆಯ ನೆತ್ತಿಯಿಂದ ಕಡಿದಾಗಿ ಇಳಿಯುವುದು. ಒಂದು ಮಗ್ಗುಲು ಬಂಡೆ, ಇನ್ನೊಂದು ಮಗ್ಗುಲು ಕಮರಿ. ಇಲ್ಲಿ ಬುದ್ಧಿವಂತರು ಬೈಸಿಕಲ್ಲಿನಿಂದಿಳಿದು ಅದನ್ನು ಕೈಯಲ್ಲಿ ಹಿಡಿದು ನಡೆಯುವರು. ಬುದ್ಧಿ ಸಾಲದವರ ಕೈಕಾಲಿನ ಗತಿಯನ್ನು ನಾವು ವಿವರಿಸಬೇಕಾದುದಿಲ್ಲ.

ಗಾಳಿ ತುಂಬಿದ ಟೈರನ್ನು 1888ರಲ್ಲಿ ಪೇಟೆಂಟು ಮಾಡಿಸಿದ ಡನ್‌ಲಪ್ ಮಹಾಶಯನು ಹುಟ್ಟಿನಿಂದ ಸ್ಕಾಟ್ಲೆಂಡಿನವನು. ಗುಡ್ಡದ ಬೈಸಿಕಲ್ಲು ಮಾತ್ರ 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ರೂಪುಗೊಂಡಿತು. ಆದುದರಿಂದ ಗಾಲಿ ಹೊಸದು; ಹಾದಿ ಹೊಸದಲ್ಲ. ಪಶ್ಚಿಮದ ದ್ವೀಪಗಳಿಂದ ದನಗಳನ್ನು ಜಲಸಂಧಿಯಲ್ಲಿ ಈಜಿಸಿ ತಂದು, ಇಂಥ ಕಣಿವೆಗಳ ಮಾರ್ಗವಾಗಿ ಕ್ರೀಫ್, ಫಾಲ್ಕರ್ಕ್ ಎಂಬ ದೂರದ ಸಂತೆಗಳಿಗೆ ಹೊಡೆದುಕೊಂಡು ಹೋಗುತ್ತಿದ್ದವರ ಕಾಲತುಳಿತದಿಂದ ಆ ದೇಶದ ಗುಡ್ಡದ ಹಾದಿಗಳಲ್ಲಿ ಬಹುಭಾಗವು ಮೂಡಿದುದು. ಘಟ್ಟದ ಮೇಲಕ್ಕೆ ಹೇರೆತ್ತುಗಳ ಮೇಲೆ ಉಪ್ಪನ್ನು ಹತ್ತಿಸುತ್ತಿದ್ದ ಲಂಬಾಣಿಗಳ ಹಾದಿಗಳನ್ನು ಬಲ್ಲ ನಮ್ಮ ಮಲೆನಾಡಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮತ್ತೆ ಕೆಲವು ಹಾದಿಗಳು ಹೆಣವನ್ನು ಹೊತ್ತು ಸ್ಮಶಾನಕ್ಕೆ ಸಾಗಿಸುತ್ತಿದ್ದವು. ಇನ್ನು ಕೆಲವನ್ನು ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಶ್ರೀಮಂತರು ಬೇಟೆಯಾಡಿದ ಜಿಂಕೆಯನ್ನು ತಟ್ಟುವಿನ ಮೇಲೆ ಹೇರಿ ತರುವುದಕ್ಕಾಗಿ ಕೂಲಿಯವರಿಂದ ಕಡಿಸಿದರು. ಬೈಸಿಕಲ್ಲಿನವನಿಗೆ ಅತ್ಯಂತ ಹಿತವಾದುವು ಈ ಬೇಟೆಯ ಹಾದಿಗಳೇ. ಏರು ಸಮನಾಗಿ, ಚರಂಡಿ ಸರಿಯಾಗಿ, ಕಲ್ಲು ಬಿಗಿಯಾಗಿ ಇರುವುವು.

ಪ್ರವಾಸದ ಪುಸ್ತಕಗಳು ಈ ಪ್ರದೇಶವನ್ನು ಮನುಷ್ಯಸ್ಪರ್ಶವಿಲ್ಲದ ನಿರ್ಜನಾರಣ್ಯವೆಂದು ಬಣ್ಣಿಸುವುವು. ನಾವು ಇದನ್ನು ಒಪ್ಪಲಾರೆವು. ಬೆನವೀನ್ ಸರೋವರದ ಕೆಳತುದಿಯಲ್ಲಿರುವುದು ಅಣೆಕಟ್ಟು. ಉತ್ತರ ಸ್ಕಾಟ್ಲೆಂಡಿನ ಜಲವಿದ್ಯುತ್ತಿಗಾಗಿ 1943ರಲ್ಲಿ ಶಾಸನವಾದ ಮೇಲೆ ಮುಲ್ಲರ್ಡಾಕ್ ಮತ್ತು ಬೆನವೀನ್ ಎಂಬ ಎರಡು ಸರೋವರಗಳಿಗೆ ಕಟ್ಟೆ ಹಾಕಿ, ಅವುಗಳ ನಡುವೆ ಸುರಂಗ ಕೊರೆದು, ಅಫ್ರಿಕ್ ಸರೋವರದ ನೀರಿನ ಮಟ್ಟವನ್ನು ಮಾತ್ರ ಅದರ ಸೊಬಗಿನ ಸಲುವಾಗಿ ಮುಟ್ಟದೆ ಬಿಟ್ಟರು. ಇದು ಇತ್ತೀಚಿನ ಸಂಗತಿ. ನಿರ್ಜನತೆಯ ಕಥೆ ಅದಕ್ಕಿಂತ ಹಳೆಯದು. ಈ ಕಣಿವೆಯೂ ಇದರ ನೀರು ಹರಿದು ಸೇರುವ ಸ್ಟ್ರಾತ್‌ಗ್ಲಾಸ್ ಬಯಲೂ ಚಿಜಮ್ ಎಂಬ ಕುಲದವರ ನಾಡು. ಕುಲದ ನಾಯಕನೂ ಪ್ರಜೆಗಳೂ ಒಂದೇ ಹೆಸರಿನವರು. ಯುದ್ಧ ಬಂದಾಗ ಕತ್ತಿ ಹಿಡಿದು ನಾಯಕನ ಹಿಂದೆ ನಿಂತವರು ಇವರೇ. ಆದರೆ ಕುರಿ ಸಾಕುವವರು ಒಕ್ಕಲಿಗರಿಗಿಂತ ಹೆಚ್ಚು ಗೇಣಿ ಕೊಡಲು ಮುಂದೆ ಬಂದಾಗ, 1801ರಿಂದ ಮೊದಲ್ಗೊಂಡು ನಾಯಕನ ಮನೆಯವರೇ ಒಕ್ಕಲನ್ನೆಬ್ಬಿಸಿದರು. ಗುಂಪುಗುಂಪಾಗಿ ಹಡಗನ್ನೇರಿದ ಜನರು ಕೆನಡದ ನೋವ ಸ್ಕೋಷ ಪ್ರಾಂತದಲ್ಲಿ ಕಾಡು ಕಡಿದು ಬದುಕಬೇಕಾಯಿತು. 1830ರ ಸುಮಾರಿನಲ್ಲಿ ಮತ್ತೊಮ್ಮೆ ಇದೇ ಕಾರ್ಯ ನಡೆಯಿತು. ಇಂದು ಸವಾರನು ಆಹಾ ಎಂತಹ ಮೌನವೆಂದು ಗಾಲಿಯನ್ನು ನಿಲ್ಲಿಸಿ ಹಿಗ್ಗುವ ಸ್ಥಳದಲ್ಲಿ ಒಂದು ಕಾಲಕ್ಕೆ ಕೂಸುಗಳ ಅಳುವೂ ನಾಯಿಗಳ ಬೊಗಳೂ ಕೇಳುತ್ತಿದ್ದುವು.

ಈ ಕಥೆಯಲ್ಲಿ ಕನ್ನಡಿಗರಿಗೆ ನೇರವಾಗಿ ಪರಿಚಯವಿರುವ ವ್ಯಕ್ತಿಯೊಬ್ಬನಿರುವನು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವನ್ನು ನೋಡದವರು ನಮ್ಮ ವಾಚಕರಲ್ಲಿ ವಿರಳ. ಕರ್ನಲ್ ಬೇಲಿಯ ದಂಡನ್ನು ಹೈದರನೂ ಟೀಪುವೂ ಸುತ್ತುಗಟ್ಟಿ ಮುರಿದಾಗ, ಕೆಲವೇ ಮೈಲಿ ದೂರದ ಕಂಚಿಯಲ್ಲಿ ದೊಡ್ಡ ಸೈನ್ಯದೊಡನೆ ಇದ್ದು ಸಮಯಕ್ಕೆ ಸಹಾಯ ಮಾಡಲಾರದೆ, ಭಾರದ ಫಿರಂಗಿಗಳನ್ನು ಕೆರೆಗೆ ಕೆಡವಿ ಮದರಾಸಿಗೆ ಹಿಮ್ಮೆಟ್ಟಿದ ಸೇನಾಪತಿಯೇ ಸರ್ ಹೆಕ್ಟರ್ ಮನ್ರೋ. ಮರುವರ್ಷ ಡಚ್ಚರಿಂದ ನಾಗಪಟ್ಟಣವನ್ನು ಹಿಡಿದುದು ಅವನ ಕೀರ್ತಿಗೆ ಸೇರಿತು. ಅಫ್ರಿಕ್ ಕಣಿವೆಗೆ ಈಶಾನ್ಯದಲ್ಲಿ, ರಾಸ್ ಸೀಮೆಯ ಫೈರಿಶ್ ಎಂಬ ಗುಡ್ಡದ ನೆತ್ತಿಯ ಮೇಲೆ ನಾಗಪಟ್ಟಣದ ಕೋಟೆಬಾಗಿಲಿನ ಮಾದರಿಯಲ್ಲಿ ಅವನು ಕಟ್ಟಿಸಿದ ಕಲ್ಲಿನ ಕಮಾನುಗಳು ಈಗಲೂ ಇವೆ. ಬಡವರಿಗೆ ಕೂಲಿ ದೊರೆಯಲೆಂದು ಕಟ್ಟಿಸಿದನಂತೆ. ಕೂಲಿಯ ದಿನಗಳು ಹೆಚ್ಚಲೆಂದು ಮೇಲೆ ಸಾಗಿಸಿದ ಕಲ್ಲನ್ನು ಮತ್ತೆ ಕೆಳಕ್ಕೆ ಉರುಳಿಸುತ್ತಿದ್ದನೆಂದೂ ಆ ಕಡೆಯ ಜನರು ಕಥೆ ಹೇಳುವರು. ಕಥೆ ಹೇಗಾದರೂ ಇರಲಿ. ಅದೇ ಧರ್ಮಾತ್ಮನ ಜಮೀನಿನಲ್ಲಿ ಕುರಿಗಳ ಹಿಂಡನ್ನು ತಂದು ಬಿಟ್ಟುದರಿಂದಲೇ 1792ರಲ್ಲಿ ರಾಸ್ ಸೀಮೆಯ ರೈತರು ಒಟ್ಟುಗೂಡಿ ಸಾವಿರಾರು ಕುರಿಗಳನ್ನು ಸೀಮೆಯಿಂದಾಚೆಗೆ ಅಟ್ಟಲು ಹೊರಟರು. ಅವರನ್ನಡಗಿಸಲು ಸೈನ್ಯ ಬರಬೇಕಾಯಿತು. ಪೊಳ್ಳಿಲೂರಿಗೆ ತಡವಾದ ದಂಡು ಇಲ್ಲಿಗೆ ತಡವಾಗಲಿಲ್ಲವೆಂದು ನಾವು ಹೇಳಿದರೆ ಚರಿತ್ರಕಾರರು ಕೋಪಿಸಿಕೊಳ್ಳಬಾರದು. ಈ ದಂಡು ಬೇರೆಯದೆಂಬುದನ್ನು ನಾವೂ ಬಲ್ಲೆವು.

ಕುರಿಯ ಲಾಭ ಇಳಿದ ಮೇಲೆ ಜಿಂಕೆಯ ಸರದಿ ಬಂದಿತು. ಸೀಮೆಗೆ ಸೀಮೆಯೇ ಬೇಟೆಗೆ ಮೀಸಲಾಯಿತು. ವೈನನ್ಸ್ ಎಂಬ ಅಮೆರಿಕದ ಕೋಟ್ಯಧೀಶ್ವರನು ಬ್ಯೂಲಿಯ ಕಡೆಯಿಂದ ಕಿಂಟೇಲಿನವರೆಗೆ ಹಬ್ಬಿದ ಸುಮಾರು ಎರಡು ಲಕ್ಷ ಎಕರೆ ಗುಡ್ಡವನ್ನು ಬೇಟೆಗಾಗಿ ಗುತ್ತಿಗೆ ಹಿಡಿದಿದ್ದನು. ಕಿಂಟೇಲಿನ ಮುರ್ಡೊ ಮಕ್ರೇ ಎಂಬ ಬಡವನು ಸಾಕಿದ ಒಂದು ಕುರಿಮರಿಯು ಈ ಎರಡು ಲಕ್ಷ ಎಕರೆಯ ಅಂಚಿನಲ್ಲಿ ಬೇಲಿಯಿಲ್ಲದ ಕಡೆ ಹುಲ್ಲು ಮೇಯ್ದಿತೆಂದು ಕೋಟ್ಯಧೀಶ್ವರನು ಮೊಕದ್ದಮೆ ಹೂಡಿದನು. 1885ರಲ್ಲಿ ಎಡಿನ್‌ಬರೋದ ಉಚ್ಚ ನ್ಯಾಯಸ್ಥಾನವು ಆ ದಾವೆಯನ್ನು ವಜಾ ಮಾಡಿತು. ಈ ಮೊಕದ್ದಮೆಯು ಇಂದಿಗೂ ಸಾಕಿದ ಕುರಿಮರಿಯ ಮೊಕದ್ದಮೆಯೆಂದೇ ಪ್ರಸಿದ್ಧವಾಗಿದೆ. ನಾವು ವರ್ಣಿಸಿದ ಬೈಸಿಕಲ್ಲಿನ ಹಾದಿಯು ಕೊನೆಗೊಳ್ಳುವುದು ಈ ಕುರಿಮರಿಯು ಮೇಯ್ದ ಸೀಮೆಯಲ್ಲಿಯೇ.

ಇಂಥ ಕಾಲದಲ್ಲಿ, 1884ರಲ್ಲಿ, ಟವರ್ ಹ್ಯಾಮ್ಲೆಟ್ಸಿನ ಪ್ರತಿನಿಧಿಯಾಗಿದ್ದ ಜೇಮ್ಸ್ ಬ್ರೈಸ್ ಎಂಬ ವಿದ್ವಾಂಸನು ಬೆಟ್ಟಗಳ ಮೇಲೆ ಜನರಿಗೆ ಸಂಚಾರದ ಹಕ್ಕನ್ನು ಕೊಡುವ ಮಸೂದೆಯೊಂದನ್ನು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮಂಡಿಸಿದನು. ಅಂಗೀಕಾರವಾಗಲಿಲ್ಲ. ಮತ್ತೆ ಮತ್ತೆ ಮಂಡಿಸಿದರು. ಮತ್ತೆ ಮತ್ತೆ ಬಿದ್ದುಹೋಯಿತು. ಬೇಟೆಯ ಒಡೆಯರೇ ತುಂಬಿದ್ದ ಸಭೆಯಲ್ಲಿ ಇನ್ನೇನಾದೀತು? ಆ ಕಾಲದಲ್ಲಿಯೇ ಬ್ರೇಮಾರ್ ಮತ್ತು ಕ್ಲೋವಗಳ ನಡುವಣ ದನದ ಹಾದಿಯೊಂದನ್ನು ಹೊಸದಾಗಿ ಜಮೀನು ಕೊಂಡವನು ಮುಚ್ಚಲು, ಹಾದಿಯ ಹಕ್ಕಿನ ಸಂಘದವರು ನ್ಯಾಯಾಲಯಕ್ಕೆ ಹೋದರು. ಕುರುಬರೂ ದನ ಹೊಡೆಯುತ್ತಿದ್ದವರೂ ಸಾಕ್ಷಿ ನುಡಿದರು. 1888ರಲ್ಲಿ ಲಾರ್ಡ್ಸ್ ಸಭೆಯು ಹಾದಿಯು ಸಾರ್ವಜನಿಕರದೆಂದು ತೀರ್ಪು ಕೊಟ್ಟಿತು. ವ್ಯಾಜ್ಯದ ವೆಚ್ಚದಲ್ಲಿ ಗೆದ್ದವರೂ ಸೋತವರೂ ಕೂಡಿಯೇ ದಿವಾಳಿಯಾದರೆಂಬುದು, ಕೋರ್ಟು ಕಚೇರಿಗಳ ಅನುಭವವುಳ್ಳ ನಮ್ಮ ವಾಚಕರಿಗೆ ಆಶ್ಚರ್ಯವನ್ನುಂಟುಮಾಡದು. ಒಂದೊಂದು ಹಾದಿಗೂ ಒಂದೊಂದು ವ್ಯಾಜ್ಯವಾದರೆ ಹಾದಿ ಉಳಿಯುವುದು ಹೇಗೆ?

1707ರಲ್ಲಿ ಇಂಗ್ಲೆಂಡಿನೊಡನೆ ಐಕ್ಯವಾದಾಗ ಮುಚ್ಚಿಹೋದ ಸ್ಕಾಟ್ಲೆಂಡಿನ ಪಾರ್ಲಿಮೆಂಟು 1999ರಲ್ಲಿ ಮತ್ತೆ ತೆರೆಯಿತು. ಲಂಡನ್ನಿನಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ಆಗದಿದ್ದ ಕೆಲಸವು ಎಡಿನ್‌ಬರೋದಲ್ಲಿ ನಾಲ್ಕು ವರ್ಷಗಳಲ್ಲಿ ಆಯಿತು. 2003ರ ಜನವರಿಯಲ್ಲಿ ಭೂಸುಧಾರಣೆಯ ಶಾಸನವು ಅಂಗೀಕಾರವಾಗಿ, 2005ರ ಫೆಬ್ರವರಿಯಿಂದ ಅದರ ಸಂಚಾರದ ಭಾಗವು ಜಾರಿಗೆ ಬಂದಿತು. ಸುಲಭವಾಗಿ ಬಂದಿತೆಂದು ತಿಳಿಯಬಾರದು. 2001ರ ಕರಡಿನಲ್ಲಿ ಒಡೆಯರು ತಮಗೆ ಬೇಕಾದಾಗ ಸಂಚಾರವನ್ನು ಅಮಾನತಿನಲ್ಲಿಡಲು ಅವಕಾಶವಿತ್ತು; ಜನರ ಆಕ್ಷೇಪಣೆಯಿಂದ ಆ ಕಲಮುಗಳು ಬಿದ್ದುಹೋದುವು. ಶಾಸನವಾದ ಮೇಲೆಯೂ ಮನೆಯ ಸುತ್ತಿನ ಎಷ್ಟು ಎಕರೆ ಖಾಸಗಿಯೆಂಬ ಬಗ್ಗೆ ವ್ಯಾಜ್ಯಗಳೆದ್ದು, 2007ರಲ್ಲಿ ಪರ್ತ್ ಸೀಮೆಯ ಒಂದು ಕೋಟೆಮನೆಯ ವಿಷಯದಲ್ಲಿ ತೀರ್ಪು ಒಡೆತನದ ಕಡೆಗೇ ಆಯಿತು. ಹಾಗಿದ್ದರೂ ಶಾಸನದ ಬೆನ್ನೆಲುಬು ಗಟ್ಟಿಯಾಗಿಯೇ ಉಳಿದಿದೆ.

ಅದರ ತಾತ್ಪರ್ಯವಿಷ್ಟು. ಹಗಲಾಗಲಿ ಇರುಳಾಗಲಿ, ನಡೆದಾಗಲಿ ಕುದುರೆಯನ್ನೇರಿಯಾಗಲಿ ಬೈಸಿಕಲ್ಲಿನಲ್ಲಾಗಲಿ ದೋಣಿಯಲ್ಲಾಗಲಿ, ಮೋಟಾರು ಮಾತ್ರ ಕೂಡದು, ಯಾರು ಬೇಕಾದರೂ ನೆಲದ ಮೇಲೂ ಒಳನಾಡಿನ ನೀರಿನ ಮೇಲೂ ಸಂಚರಿಸಬಹುದು. ಆದರೆ ಹೊಣೆಯರಿತು ಸಂಚರಿಸಬೇಕು. ಮನೆ, ಮನೆಯಂಗಳ, ಬೆಳೆ ನಿಂತ ಹೊಲ, ಶಾಲೆಯ ಆವರಣ ಮೊದಲಾದುವು ಇದಕ್ಕೆ ಹೊರತು. ಒಡೆಯನಿಗೂ ಹೊಣೆಯುಂಟು. ಜನರನ್ನು ತಡೆಯುವುದಕ್ಕಾಗಿಯೇ ಬೇಲಿ ಹಾಕುವುದು, ಬೆದರಿಕೆಯ ಹಲಗೆ ನೆಡುವುದು ಶಾಸನಕ್ಕೆ ವಿರೋಧ. ಸ್ಥಳೀಯ ಕೌನ್ಸಿಲು ಅದನ್ನು ತೆಗೆಸಬಹುದು. ಹೊಣೆಯೆಂದರೇನೆಂಬುದನ್ನು ವಿವರಿಸುವ ಸಂಹಿತೆಯೊಂದನ್ನೂ ಪಾರ್ಲಿಮೆಂಟಿನ ಒಪ್ಪಿಗೆಯಿಂದ ಪ್ರಕಟಿಸಿರುವರು. ನೆರೆಯ ಇಂಗ್ಲೆಂಡಿನಲ್ಲಿ ಹೀಗಿಲ್ಲ. ಅಲ್ಲಿ 2000ದ ಶಾಸನವು ಬೆಟ್ಟಬಯಲುಗಳನ್ನು ತೆರೆದುದು ಕಾಲ್ನಡಿಗೆಗೆ ಮಾತ್ರ. ಬೈಸಿಕಲ್ಲಿನವನು ಕುದುರೆಹಾದಿಯಲ್ಲಿ ಹೋಗಬಹುದೆಂದು 1968ರ ಶಾಸನವು ಹೇಳಿದೆಯೇ ಹೊರತು ಕಾಲುಹಾದಿಯಲ್ಲಿ ಅವನಿಗೆ ಹಕ್ಕಿಲ್ಲ. ಒಂದೇ ರಾಜ್ಯ, ಒಂದೇ ಗಾಲಿ. ಗಡಿಯ ಆಚೆ ಹಕ್ಕು, ಈಚೆ ಅತಿಕ್ರಮ. ಜನರಿಗೆ ಹತ್ತಿರವಾದ ಶಾಸನಸಭೆಯಿದ್ದರೆ ಏನು ವ್ಯತ್ಯಾಸವಾಗುವುದೆಂಬುದಕ್ಕೆ ನಮಗೆ ಇದಕ್ಕಿಂತ ಚೊಕ್ಕಟವಾದ ದೃಷ್ಟಾಂತ ಕಾಣದು.

ಹಕ್ಕು ದೊರೆತವರು ಅದನ್ನು ಹೇಗೆ ಬಳಸುತ್ತಿರುವರು? ಬಹುಮಂದಿ ಚೆನ್ನಾಗಿಯೇ ಬಳಸುತ್ತಿರುವರು. ಆದರೆ ಎಲ್ಲರೂ ಅಲ್ಲ. ಆ ಸೀಮೆಯ ನೆಲವು ಸಾವಿರಾರು ವರ್ಷಗಳಿಂದ ಪಾಚಿ ಕೊಳೆತು ಕೂಡಿದ ಮೆತ್ತನೆಯ ಕರಿಮಣ್ಣು. ಪಶ್ಚಿಮದ ಬೆಟ್ಟಗಳಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೆ ಮೀರಿ ಮಳೆ ಸುರಿಯುವುದುಂಟು. ಆಗುಂಬೆಗೆ ಹೋಲಿಸಿದರೆ ಅಲ್ಪವೇ, ಆದರೆ ಅಲ್ಲಿ ಅದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದಲ್ಲ, ವರ್ಷವಿಡೀ ಜಿನುಗುವುದು. ಇಂಥ ನೆಲದ ಮೇಲೆ ಇಳಿಜಾರಿನಲ್ಲಿ ಸವಾರನು ಹಿಂದಿನ ಬ್ರೇಕನ್ನು ಬಿಗಿಹಿಡಿದು ಗಾಲಿಯನ್ನು ಜಾರಿಸಿದನೆಂದರೆ ಗೀರು ಬೀಳುವುದು. ಗೀರಿನಲ್ಲಿ ನೀರು ಹರಿದು ಕಾಲುವೆಯಾಗುವುದು. ಹಾದಿಯ ನಡುವೆ ಕೊಚ್ಚೆ ನಿಂತಿದೆಯೆಂದು ಒಬ್ಬನು ಮಗ್ಗುಲಿಗೆ ಸರಿದು ಹೋದರೆ, ಅವನ ಹಿಂದಿನವನು ಇನ್ನೂ ಮಗ್ಗುಲಿಗೆ ಸರಿಯುವನು. ಎರಡು ಅಡಿಯ ಹಾದಿಯು ಇಪ್ಪತ್ತು ಅಡಿಯ ರಾಡಿಯಾಗುವುದು. ಆದುದರಿಂದ ಅಲ್ಲಿಯ ಅನುಭವಿಗಳು ಹೇಳುವ ಮೊದಲ ಪಾಠವೇ ಇದು: ಕೊಚ್ಚೆಯ ನಡುವೆಯೇ ಹೋಗು, ಮೈ ಕೆಸರಾದರೆ ತೊಳೆದುಕೋ. ನೀರನ್ನು ಅಡ್ಡಹಾಯಿಸಲು ಹಾದಿಗೆ ಅಡ್ಡಲಾಗಿ ಹೂತ ಕಲ್ಲುಗಳನ್ನು ಬಳಸಿಕೊಂಡು ಪಕ್ಕದಿಂದ ಹೋಗುವುದೂ ಅಷ್ಟೇ ಕೇಡು. ನಡೆಯುವವರು ಎದುರಾದರೆ ನಿಧಾನಿಸಿ, ದನಿಗೊಟ್ಟು, ದಾರಿ ಬಿಡಬೇಕೆಂಬುದನ್ನು ಸಂಹಿತೆಯು ಹೇಳದಿದ್ದರೂ ಮನೆಯಲ್ಲಿ ಹಿರಿಯರು ಹೇಳಿರಬೇಕು.

ಕಾಲವನ್ನೂ ಅರಿಯಬೇಕು. ಏಪ್ರಿಲಿನಿಂದ ಜುಲೈವರೆಗೆ ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳ ಕಾಲ. ಕಪ್ಪು ಕೊರಳಿನ ಮುಳುಗುಹಕ್ಕಿಯು ಈ ಸರೋವರಗಳ ನೀರಂಚಿನಲ್ಲಿಯೇ ಮೊಟ್ಟೆಯಿಡುವುದು. ದಡದಲ್ಲಿ ಡೇರೆ ಹಾಕಿ ಗದ್ದಲವೆಬ್ಬಿಸಿದರೆ ಗೂಡನ್ನೇ ಬಿಟ್ಟುಹೋಗುವುದು. ಆಗಸ್ಟಿನಿಂದ ಅಕ್ಟೋಬರಿನ ಮೂರನೆಯ ವಾರದವರೆಗೆ ಗಂಡುಜಿಂಕೆಯ ಬೇಟೆಯ ಭರ. ಬೇಟೆಯನ್ನು ನಾವು ಮೆಚ್ಚುವವರಲ್ಲ. ಆದರೆ ತೋಳ ಅಳಿದುಹೋದ ಆ ದೇಶದಲ್ಲಿ ಜಿಂಕೆಯ ಸಂಖ್ಯೆಯನ್ನು ತಗ್ಗಿಸದಿದ್ದರೆ ಎಳೆಯ ಪೈನ್ ಸಸಿಯೊಂದೂ ತಲೆಯೆತ್ತಲಾರದೆಂಬುದು ನಿಜ. ಅಫ್ರಿಕ್ ಕಣಿವೆಯಲ್ಲಿ ಹಳೆಯ ಕಾಡನ್ನು ಮತ್ತೆ ಹಬ್ಬಿಸಲು ದುಡಿಯುತ್ತಿರುವವರಿಗೂ ಇದೇ ಚಿಂತೆ. ಬೇಟೆಯ ದಿನಗಳಲ್ಲಿ ಗುಂಡು ಯಾವ ಮಗ್ಗುಲಿಗೆ ಹಾರುವುದೆಂದು ವಿಚಾರಿಸಿಕೊಂಡು ಹೋಗುವುದು ಸವಾರನಿಗೇ ಕ್ಷೇಮ. ಮಿಡ್ಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೊಣವು ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಗಾಳಿ ನಿಂತ ಸಂಜೆಯಲ್ಲಿ ಮುತ್ತಿದರೆ ಮಲೆನಾಡಿನ ಜಿಗಣೆಯೇ ಸಾಧುಪ್ರಾಣಿಯೆನಿಸೀತು. ಕೊನೆಯಲ್ಲಿ, ಮಾರ್ವಿಕ್‌ನಲ್ಲಿ ರೈಲಿಲ್ಲ. ಸಮೀಪದ ನಿಲ್ದಾಣವಾದ ಕೈಲ್ ಆಫ್ ಲೊಕಾಲ್ಶ್ ಹದಿನೈದು ಮೈಲಿಗೂ ಹೆಚ್ಚು ದೂರ. ರೈಲಿನಲ್ಲಿ ಬೈಸಿಕಲ್ಲಿಗೆ ಇರುವ ಜಾಗವೂ ಸ್ವಲ್ಪವೇ. ಮುಂದಾಗಿ ಕಾದಿರಿಸಿಕೊಳ್ಳದವನು ಬಂದ ದಾರಿಯಲ್ಲೇ ತುಳಿದುಕೊಂಡು ಹಿಂದಿರುಗಬೇಕಾದೀತು.

ಇನ್ನು ಹಾದಿಗಳನ್ನು ಎಷ್ಟರಮಟ್ಟಿಗೆ ಸುಧಾರಿಸಬೇಕೆಂಬ ವಿಷಯದಲ್ಲಿ ಅಲ್ಲಿ ಭಿನ್ನಾಭಿಪ್ರಾಯವುಂಟು. ಕಿಂಟೇಲ್ ಸೀಮೆಯನ್ನು 1944ರಲ್ಲಿ ರಾಷ್ಟ್ರೀಯ ನ್ಯಾಸವೊಂದು ಕೊಂಡುಕೊಂಡಿತು. ಹಣವೊದಗಿಸಿದವನು ಪರ್ಸಿ ಉನ್ನ ಎಂಬ ಪರ್ವತಾರೋಹಿ. ಬೆಟ್ಟವನ್ನು ಹತ್ತಲು ಸುಲಭ ಮಾಡಬಾರದು, ಗುರುತಿನ ಕಂಬ ನೆಡಬಾರದು, ಹೊಸ ಹಾದಿ ಕಡಿಯಬಾರದು ಎಂದು ಅವನು 1937ರಲ್ಲಿಯೇ ನಿಬಂಧನೆಗಳನ್ನು ಬರೆದುಕೊಟ್ಟಿದ್ದನು. ಆಗ ವರ್ಷಕ್ಕೆ ಬರುತ್ತಿದ್ದವರು ಕೆಲವರು. ಈಗ ಬರುವವರ ಗಾಲಿಗೂ ಬೂಟಿಗೂ ಸವೆದ ಹಾದಿಯನ್ನು ಕಲ್ಲುಹಾಸಿ ಭದ್ರಪಡಿಸದಿದ್ದರೆ ಬೆಟ್ಟದ ಮೈಯೇ ಹರಿದುಹೋಗುವುದು. ಉನ್ನನ ಮಾತಿನ ಅಕ್ಷರಕ್ಕಿಂತ ಆಶಯವನ್ನು ಹಿಡಿಯುವುದು ಲೇಸೆಂದು ನಮಗೆ ತೋರುವುದು: ಸವೆದುದನ್ನು ಸರಿಮಾಡಲಿ, ಆದರೆ ಮೇಳದ ಸ್ಪರ್ಧೆಗಳಿಗಾಗಿ ದಿಬ್ಬಗಳನ್ನೂ ತಿರುವುಗಳನ್ನೂ ಕಟ್ಟುವ ಕೆಲಸಕ್ಕೆ ಬೆನ್ ನೆವಿಸ್ ಬುಡದ ಫೋರ್ಟ್ ವಿಲಿಯಂ ಸಮೀಪದಲ್ಲಿ ಸ್ಥಳವಿದೆ, ಅಂಥದು ಅಲ್ಲಿಯೇ ಇರಲಿ. ಅಫ್ರಿಕ್‌ಗೆ ಅದು ಬೇಡ.

ಈಗ ನಾವು ಆರಂಭದಲ್ಲಿ ಹೇಳಿದ ಕೊರತೆಗೆ ಬರುವೆವು. ಮಂಗಳೂರೂ ಬಳ್ಳಾರಿಯೂ ಸೇರಿದ್ದ ಮದರಾಸು ಪ್ರಾಂತಕ್ಕೆ 1866ರಿಂದ 1872ರವರೆಗೆ ಗವರ್ನರಾಗಿದ್ದ ಲಾರ್ಡ್ ನೇಪಿಯರನು ತನ್ನ ನಾಡಿಗೆ ಹಿಂದಿರುಗಿದ ಮೇಲೆ 1883ರಲ್ಲಿ ಗುಡ್ಡಗಾಡಿನ ಒಕ್ಕಲಿಗರ ಸ್ಥಿತಿಯನ್ನು ವಿಚಾರಿಸುವ ಆಯೋಗದ ಅಧ್ಯಕ್ಷನಾದನು. ಊರೂರಿಗೆ ಹೋಗಿ ರೈತರ ಬಾಯಿಂದಲೇ ಸಾಕ್ಷ್ಯ ಪಡೆದನು. ಅದರ ತರುವಾಯ 1886ರಲ್ಲಿ ಬಂದ ಶಾಸನವು ಉಳಿದಿದ್ದ ಸಣ್ಣ ಒಕ್ಕಲುಗಳಿಗೆ ಖಾಯಂ ಗೇಣಿಯ ರಕ್ಷಣೆಯನ್ನಿತ್ತಿತು. ಆದರೆ ಎಬ್ಬಿಸಲ್ಪಟ್ಟು ಹೋದವರ ನೆಲವನ್ನು ಅದು ಹಿಂದಕ್ಕೆ ಕೊಡಲಿಲ್ಲ. ಒಕ್ಕಲೇ ಉಳಿಯದಿದ್ದ ಅಫ್ರಿಕ್‌ನಂಥ ಕಣಿವೆಗಳಲ್ಲಿ ರಕ್ಷಿಸಲು ಯಾರೂ ಇರಲಿಲ್ಲ. 2003ರ ಶಾಸನದಲ್ಲಿಯೂ ಸಂಚಾರದ ಹಕ್ಕು ಮೊದಲನೆಯ ಭಾಗವಷ್ಟೆ. ಎರಡನೆಯ ಮತ್ತು ಮೂರನೆಯ ಭಾಗಗಳು ಊರಿನ ಸಮುದಾಯವೂ ಸಣ್ಣ ಒಕ್ಕಲಿಗರೂ ನೆಲವನ್ನು ಕೊಂಡುಕೊಳ್ಳುವ ಹಕ್ಕಿನವು. ಶಾಸನಕ್ಕೆ ಮೊದಲೇ, 1993ರಲ್ಲಿ ಅಸಿಂಟ್ ಸೀಮೆಯ ಒಕ್ಕಲಿಗರೂ 1997ರಲ್ಲಿ ಎಗ್ ದ್ವೀಪದ ನಿವಾಸಿಗಳೂ ಹಣ ಕೂಡಿಸಿ ತಮ್ಮ ನೆಲವನ್ನು ತಾವೇ ಕೊಂಡು ಹಾದಿ ತೋರಿಸಿದ್ದರು. ಆದರೂ ಇಂದಿಗೂ ಸ್ಕಾಟ್ಲೆಂಡಿನ ಖಾಸಗಿ ಗ್ರಾಮೀಣ ನೆಲದ ಅರ್ಧಭಾಗವು ಐನೂರಕ್ಕಿಂತ ಕಡಿಮೆ ಸಂಖ್ಯೆಯ ಒಡೆಯರ ಕೈಯಲ್ಲಿರುವುದೆಂದು ಲೆಕ್ಕಹಾಕಿದವರು ಹೇಳುವರು.

ಕಾರಣ ಸ್ಪಷ್ಟ. ಹಾದುಹೋಗುವವನಿಗೆ ಹಕ್ಕು ಕೊಡುವುದು ಒಡೆಯನಿಗೆ ಕಿರಿಕಿರಿಯಾದರೂ ನಷ್ಟವಲ್ಲ. ನೆಲಸಲು ಬರುವವನಿಗೆ ಹಕ್ಕು ಕೊಟ್ಟರೆ ನೆಲವೇ ಹೋಗುವುದು. ಹಾದುಹೋಗುವವನು ಕಾಸಿಲ್ಲದೆ ಪಡೆದ ಹಕ್ಕನ್ನು ನೆಲಸುವವನು ಮಾರುಕಟ್ಟೆಯ ಬೆಲೆ ಕೊಟ್ಟು ಕೊಳ್ಳಬೇಕು. ಒಮ್ಮೆ ಎಬ್ಬಿಸಿ ಓಡಿಸಿದವರ ಮೊಮ್ಮಕ್ಕಳ ಮಕ್ಕಳು ಹಿಂದಿರುಗಿ ಬರುವುದಾದರೂ ಎಲ್ಲಿ? ಬರಬೇಕಾದವರು ಹೊಸಬರು: ಆ ಕಾಡನ್ನು ಬೆಳೆಸುವವರು, ಹಾದಿಯ ಕಲ್ಲು ಕಟ್ಟುವವರು, ದಣಿದ ಸವಾರನಿಗೆ ಊಟವಿಕ್ಕಿ ಪಂಕ್ಚರು ಹಾಕಿಕೊಡುವವರು. ಅವರಿಗೆ ಮನೆ ಕಟ್ಟಲು ಗುಂಟೆ ನೆಲ ದೊರೆಯದಿದ್ದರೆ, ಹಾದಿಯನ್ನು ಕಾಯುವ ಕೆಲಸವೆಲ್ಲ ಬೇಸಗೆಯಲ್ಲಿ ಬಂದುಹೋಗುವ ಸ್ವಯಂಸೇವಕರ ಪಾಲಾಗುವುದು.

ಆಲ್ಟ್‌ಬೇ ತಂಗುಮನೆಯು ಚಳಿಗಾಲದಲ್ಲಿ ಮುಚ್ಚಿರುವುದು. ಕ್ಯಾಂಬನ್ ಕಲ್ಲುಮನೆಯು ಸ್ವಯಂಸೇವಕರ ಸಂಘವೊಂದರ ಪೋಷಣೆಯಲ್ಲಿ ಬೀಗವಿಲ್ಲದೆ ತೆರೆದೇ ಇರುವುದು. ಆದರೆ ಅದರಲ್ಲಿ ವಾಸವಾಗಿರುವವರಿಲ್ಲ. ಅಫ್ರಿಕ್ ಸರೋವರದ ಪಶ್ಚಿಮದ ತುದಿಯಿಂದ ಮಾರ್ವಿಕ್‌ವರೆಗಿನ ಈ ಹಾದಿಯಲ್ಲಿ ವರ್ಷವಿಡೀ ಎಷ್ಟು ಮನೆಗಳಲ್ಲಿ ಒಲೆಯುರಿಯುವುದೆಂಬ ಲೆಕ್ಕವನ್ನು ಎಡಿನ್‌ಬರೋದ ಪಾರ್ಲಿಮೆಂಟು ಮುಂದೆ ಭೂಶಾಸನದ ಚರ್ಚೆಗೆ ಕುಳಿತಾಗ ತರಿಸಿಕೊಂಡು ಸದಸ್ಯರ ಮುಂದಿಡಬೇಕು. 1801ಕ್ಕೆ ಮೊದಲಿನ ಲೆಕ್ಕವು ದೊರೆತ ಮಟ್ಟಿಗೆ ಅದರ ಪಕ್ಕದಲ್ಲಿಯೇ ಇರಲಿ.